ಸಂಸೆ ಜೀಪಿನ ನೀಲಿ ದೀಪ

ಶೋಕಿ ಲೈಟು ಹಾಕಿಸಲು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕಳಸ ಪೇಟೆಯ ಕೊನೆಯಲ್ಲಿ, ಟಯರ್ ಅಂಗಡಿಯ ಪಕ್ಕ, ಗಾಡಿಗಳ ವೈರಿಂಗ್ ಕೆಲಸದ ಅಂಗಡಿ ನನ್ನದು. ಕಾಫಿ ಕೊಯ್ಲಿನ ಕಾಲ ಬಂತೆಂದರೆ ಎಸ್ಟೇಟಿನ ಜೀಪು, ಪಿಕಪ್ಪು, ಟ್ರ್ಯಾಕ್ಟರುಗಳು ಬೆಳಿಗ್ಗೆಯೇ ಸಾಲು ನಿಲ್ಲುತ್ತಿದ್ದವು. ಒಂದರ ಸೆಲ್ಫ್ ತಿರುಗುವುದಿಲ್ಲ, ಇನ್ನೊಂದರ ಡೈನಮೋ ಚಾರ್ಜ್ ಮಾಡುವುದಿಲ್ಲ, ಮತ್ತೊಂದರ ಹಾರ್ನು ಒತ್ತದೆಯೇ ಕೂಗುತ್ತದೆ. ಎಲ್ಲರಿಗೂ ಅವತ್ತೇ ಆಗಬೇಕು. ಆ ವರ್ಷ ನನ್ನ ಸೊಂಟ ಬೇರೆ ಹಿಡಿದುಕೊಂಡಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ ಒಮ್ಮೆ ತೂರಿದರೆ ಹೊರಗೆ ಬರಲು ಯಾರಾದರೂ ಕೈ ಕೊಡಬೇಕಿತ್ತು. ಅಂಥ ಹೊತ್ತಿನಲ್ಲಿ ಸಂಸೆ ಕಡೆ ಸರ್ವೀಸ್ ಓಡಿಸುವ ಡ್ರೈವರೊಬ್ಬರು ಬಂದು, ಮಂಗಳೂರಿನಿಂದ ತರಿಸಿದ ನೀಲಿ ಎಲ್‌ಇಡಿ ಪಟ್ಟಿಯ ಸುರುಳಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು.

ನನಗಿಂತ ಏಳೆಂಟು ವರ್ಷ ದೊಡ್ಡವರು, ಐವತ್ತು ದಾಟಿದವರು. ಸ್ವಂತ ಜೀಪು. ಬೆಳಿಗ್ಗೆ ಸಂಸೆಯಾಚೆಯ ತಮ್ಮ ಹಳ್ಳಿಯಿಂದ ಜನರನ್ನು ತುಂಬಿಕೊಂಡು ಕಳಸಕ್ಕೆ ಬಂದರೆ ಸಂಜೆಯೊಳಗೆ ಮೂರು ಸಲ ಹೋಗಿ ಬರುತ್ತಿದ್ದರು. ಮಾತು ಕಡಿಮೆ. ಎರಡು ಸಲ ಟೇಪ್ ರೆಕಾರ್ಡರ್ ಸುಟ್ಟುಹೋದ ಮೇಲೆ ಹಾಡಿನ ಆಸೆಯನ್ನೂ ಬಿಟ್ಟ ಮನುಷ್ಯ.

“ಎಂತ ಅಣ್ಣ, ಈ ವಯಸ್ಸಲ್ಲಿ ಶೋಕಿ?” ಎಂದೆ.

“ಇರ್ಲಿ ಮಾರಾಯ. ಹಾಕಿ ಕೊಡು.”

“ದೇವ್ರ ಫೋಟೋ ಸುತ್ತ ಹಾಕ್ಲಾ?”

“ಬೇಡ. ಸ್ಟೇರಿಂಗ್ ಎದ್ರಿಗೆ, ನನ್ನ ಕಣ್ಣಿಗೆ ಬೀಳೋ ಹಾಗೆ. ಸ್ವಿಚ್ಚು ಮಾತ್ರ ಹಿಂದೆ, ಬಾಗ್ಲ ಹತ್ರ. ಕಾಲಿಂಗ್ ಬೆಲ್ಲಿಗೆ ಇರ್ತದಲ್ಲ, ಅಂಥದ್ದು. ಒತ್ತಿದ್ರೆ ಹತ್ಬೇಕು, ಬಿಟ್ರೆ ಆರ್ಬೇಕು.”

“ಮುಂದೆ ಹತ್ತೋ ದೀಪಕ್ಕೆ ಹಿಂದೆ ಸ್ವಿಚ್ಚಾ?”

“ಹಿಂದೆ ಕೂತವ್ರಿಗೂ ಸ್ವಲ್ಪ ಶೋಕಿ ಬೇಡ್ವಾ?” ಎಂದು ನಕ್ಕರು. ಆ ನಗು ಸರಿಯಾಗಿ ಬರಲಿಲ್ಲ. ಆದರೆ ಗಿರಾಕಿಯ ನಗುವನ್ನು ತೂಗಿ ನೋಡುವಷ್ಟು ಪುರುಸೊತ್ತು ನನಗೂ ಇರಲಿಲ್ಲ.

ಕೆಲಸ ಅರ್ಧ ಗಂಟೆಯದು. ಆ ಪಟ್ಟಿಯಲ್ಲಿ ಮೂರು ಮೂರು ದೀಪಗಳ ಗುಂಪು ಇರುತ್ತದೆ. ಗುಂಪಿಗೊಂದು ಕರೆಂಟು ತಡೆಹಿಡಿಯುವ ಸಣ್ಣ ರೆಸಿಸ್ಟರು, ಗುಂಪಿನ ಕೊನೆಗೊಂದು ಕತ್ತರಿ ಗುರುತು. ಆ ಗುರುತಿನಲ್ಲೇ ಕತ್ತರಿಸಬೇಕು. ಒಂದೂವರೆ ಗೇಣು ಕತ್ತರಿಸಿ ಸ್ಟೇರಿಂಗಿನ ಎದುರು ಅಂಟಿಸಿದೆ. ಹಗಲು ಬೆಳಕಿನಲ್ಲಿ ನೀಲಿ ಕಾಣುವುದಿಲ್ಲ ಎಂದು ಬಿಸ್ಕತ್ತಿನ ತಗಡಿನ ಡಬ್ಬಿ ಕತ್ತರಿಸಿ ಅದರ ಮೇಲೊಂದು ಸಣ್ಣ ಸೂರು ಮಾಡಿದೆ. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರಿನಿಂದ ಒಂದು ಎಳೆ ತೆಗೆದು, ನಡುವೆ ಫ್ಯೂಸು ಕೂರಿಸಿ, ಹಿಂದಿನ ಬಾಗಿಲಿನ ಸ್ವಿಚ್ಚಿಗೆ ಒಯ್ದು ತಂದೆ. ಕರೆಂಟು ಗಾಡಿಯ ಮೈಗೆ ವಾಪಸು ಹೋಗುವ ಅರ್ಥಿನ ವೈರನ್ನು ಡ್ಯಾಶ್‌ಬೋರ್ಡಿನ ಒಳಗಿನ ತಗಡಿಗೆ ಸ್ಕ್ರೂ ಹಾಕಿ ಬಿಗಿದೆ. ಕೆಳಗೆ ಮಲಗಿದ್ದಲ್ಲಿಂದಲೇ, “ಅಣ್ಣ, ಹಿಂದೆ ಹೋಗಿ ಒಮ್ಮೆ ಒತ್ತಿ” ಎಂದು ಮೂರು ಸಲ ಕೂಗಿದೆ. ಅವರು ಎರಡು ಮಾರು ದೂರದಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಎಂಥ ಧಿಮಾಕು ಈ ಮನುಷ್ಯನಿಗೆ ಎಂದು ಬೈದುಕೊಂಡು ನಾನೇ ಎದ್ದು ಹೋಗಿ ಒತ್ತಿ ಬಂದೆ. ದೀಪ ಹತ್ತಿತು.

ನಾಲ್ಕನೆಯ ದಿನ ಜೀಪು ವಾಪಸು ಬಂತು. ಪಟ್ಟಿಯ ಎರಡು ಗುಂಪು ಆರಿಹೋಗಿದ್ದವು, ಒಂದು ಗುಂಪು ಮಿಣುಕು ಹುಳದಂತೆ ಹೊಯ್ದಾಡುತ್ತಿತ್ತು.

ಮೀಟರು ಹಿಡಿದೆ. ಇಂಜಿನ್ ನಿಂತಾಗ ಹನ್ನೆರಡೂ ಚಿಲ್ಲರೆ ವೋಲ್ಟು, ಓಡುವಾಗ ಹದಿನಾಲ್ಕೂ ಚಿಲ್ಲರೆ. ಗಾಡಿಗೆ ಅದು ಸರಿಯಾದ ಲೆಕ್ಕ. ಆದರೆ ಪಟ್ಟಿಯ ಮೇಲೆ ಹನ್ನೆರಡು ಎಂದು ಬರೆದವರು ಹನ್ನೆರಡನ್ನೇ ನಂಬಿ ಮಾಡಿರುತ್ತಾರೆ. ಮಾಮೂಲಿ ಬಲ್ಬು ಎರಡು ವೋಲ್ಟು ಹೆಚ್ಚು ಬಂದರೆ ಸ್ವಲ್ಪ ಜೋರಾಗಿ ಉರಿದು ಸುಮ್ಮನಾಗುತ್ತದೆ. ಎಲ್‌ಇಡಿಗೆ ಆ ಸೈರಣೆ ಇಲ್ಲ. ಅದು ತನಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕರೆಂಟು ಎಳೆದುಕೊಂಡು, ಬಿಸಿಯಾಗಿ, ತನ್ನಷ್ಟಕ್ಕೆ ಸಾಯುತ್ತದೆ. ಸರಿ, ಹೊಸ ತುಂಡು ಹಾಕಿ ಮೊದಲಿಗೊಂದು ದಪ್ಪ ರೆಸಿಸ್ಟರು ಕೂರಿಸುವುದು ಎಂದು ಮತ್ತೆ ಕೆಳಗೆ ತೂರಿದೆ.

“ಅಣ್ಣ, ಇಕ್ಕುಳ ಕೊಡಿ.”

ಉತ್ತರವಿಲ್ಲ. ಇನ್ನೊಮ್ಮೆ ಹೇಳಿದೆ. ಚಪ್ಪಲಿ ಕಾಣುತ್ತಿತ್ತು, ನನ್ನ ತಲೆಯಿಂದ ಒಂದು ಗೇಣು ದೂರ. ಸಿಟ್ಟು ನೆತ್ತಿಗೇರಿತು. ಸ್ಪ್ಯಾನರಿನಿಂದ ಜೀಪಿನ ನೆಲಕ್ಕೆ ಜೋರಾಗಿ ಬಡಿದೆ. ಚಪ್ಪಲಿ ಅಲುಗಾಡಲಿಲ್ಲ. ಆಗ ನನಗೆ ಏನೋ ಹೊಳೆದು, ನಿಧಾನವಾಗಿ ಹೊರಗೆ ಬಂದು, ಅವರ ಎಡಗಡೆ ನಿಂತು ಸ್ವರ ಎತ್ತಿ ಹೆಸರು ಕರೆದೆ. ಅವರು ತಿರುಗಲಿಲ್ಲ. ಬಲಗಡೆಗೆ ಹೋಗಿ ಕರೆದೆ. ತಿರುಗಿದರು. ನನ್ನ ಮುಖ ನೋಡಿದೊಡನೆ ಅವರಿಗೆ ಗೊತ್ತಾಯಿತು.

“ಯಾರಿಗೂ ಹೇಳ್ಬೇಡ” ಎಂದರು.

“ಎಷ್ಟು ದಿನ ಆಯ್ತು?”

“ಎಡಗಿವಿ ಪೂರ್ತಿ ಹೋಗಿ ಎರಡು ವರ್ಷ. ಬಲದ್ದು ಅರ್ಧ ಉಂಟು. ಕಿಟಕಿ ಬದಿಯಿಂದ ಹಾರ್ನ್ ಎಲ್ಲ ಕೇಳ್ತದೆ ಮಾರಾಯ. ಇಂಜಿನ್ ಸದ್ದಿಗೆ ಹಿಂದಿನವ್ರು ಬಡಿಯೋದು ಮಾತ್ರ ಕೇಳ್ಸಲ್ಲ.”

ಸರ್ವೀಸ್ ಜೀಪಿನಲ್ಲಿ ಇಳಿಯುವವರು ಹಿಂದಿನಿಂದ ತಗಡು ಬಡಿಯುವುದು ರೂಢಿ. ಎರಡು ಬಡಿತಕ್ಕೆ ನಿಲ್ಲಬೇಕು. ಇವರು ನಿಲ್ಲುತ್ತಿರಲಿಲ್ಲ. ಹಿಂದಿನ ವಾರ ವೀಳ್ಯದೆಲೆ ಮಾರುವ ಅಜ್ಜಿಯೊಬ್ಬಳನ್ನು ಅವಳ ಮನೆ ದಾಟಿ ಒಂದು ಮೈಲಿ ಒಯ್ದಿದ್ದರು. ಅವಳು ಎಲೆಯ ಬುಟ್ಟಿ ಹೊತ್ತು ಏರು ಹತ್ತಿ ವಾಪಸು ನಡೆದಿದ್ದಳು. ಜನರು ಕಿವಿಯ ವಿಷಯ ಯೋಚಿಸಲಿಲ್ಲ, ಸೊಕ್ಕು ಎಂದರು. ಸ್ವಂತ ಜೀಪು ಅಂತ ಹಮ್ಮು ಎಂದರು. ಹಲವರು ಆಗಲೇ ಇವರ ಹಿಂದೆ ಬರುವ ಜೀಪಿಗೆ ಕಾಯಲು ಶುರು ಮಾಡಿದ್ದರು.

“ಕಿವುಡ ಅಂತ ಗೊತ್ತಾದ್ರೆ ಒಬ್ರೂ ಹತ್ತಲ್ಲ. ಸೊಕ್ಕಿನವ ಅಂದ್ರೆ ಕೆಲವ್ರಾದ್ರೂ ಹತ್ತುತಾರೆ” ಎಂದರು. “ನಂಗೆ ಬೇರೆ ಕೆಲ್ಸ ಎಂತ ಬರ್ತದೆ ಹೇಳು.”

ಕಿವಿ ಅರ್ಧ ಹೋದವರು ಘಾಟಿಯಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಓಡಿಸಲು ನಾನು ಅನುಕೂಲ ಮಾಡಿಕೊಡುವುದು ಸರಿಯೇ? ಇದನ್ನು ನಾನು ಅವತ್ತೂ ಕೇಳಿಕೊಂಡೆ, ಈಗಲೂ ಕೇಳಿಕೊಳ್ಳುತ್ತೇನೆ. ಅವತ್ತು ಎರಡು ಮಾತು ತೆಗೆದುಕೊಂಡೆ. ಕೊಯ್ಲು ಮುಗಿದ ತಕ್ಷಣ ಚಿಕ್ಕಮಗಳೂರಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಬೇಕು. ಅಲ್ಲಿಯವರೆಗೆ ಪ್ರತಿ ತಿರುವಿನಲ್ಲೂ ಹೆಡ್‌ಲೈಟು ಹಾಕಿ, ಹಾರ್ನು ಹೊಡೆದು, ನಿಧಾನಕ್ಕೆ ಇಳಿಸಬೇಕು. ಅವರು ತಲೆಯಾಡಿಸಿದರು. ಯಾರಿಗೂ ಹೇಳುವುದಿಲ್ಲ ಎಂದು ನಾನೂ ಮಾತು ಕೊಟ್ಟೆ. ನಾನು ದಪ್ಪ ರೆಸಿಸ್ಟರು ಹಾಕಿ ಕಳಿಸಿದೆ. ಶೋಕಿ ಎಂದು ಹಾಸ್ಯ ಮಾಡಿದ್ದು ನೆನಪಾಗಿ ನಾಚಿಕೆಯಾಯಿತು.

ಒಂದು ವಾರಕ್ಕೆ ಪಟ್ಟಿ ಪೂರ್ತಿ ಸತ್ತಿತು.

ಈ ಸಲ ನಾನು ಸ್ವಲ್ಪ ತಲೆ ಖರ್ಚು ಮಾಡಿದೆ. ಪೇಟೆಯ ರೇಡಿಯೋ ರಿಪೇರಿಯವನ ಹತ್ತಿರ ಮೂರು ಕಾಲಿನ ಐಸಿ ತಂದೆ. ಹನ್ನೆರಡಕ್ಕಿಂತ ಹೆಚ್ಚಿಗೆ ಬಂದದ್ದನ್ನು ಬಿಸಿಯಾಗಿ ಕಳೆದು, ಮುಂದಕ್ಕೆ ಹನ್ನೆರಡನ್ನೇ ಬಿಡುವಂಥದ್ದು. ಅದಕ್ಕೆ ಅಲ್ಯೂಮಿನಿಯಂ ತಟ್ಟೆ ಬಿಗಿದು, ಒಂದು ತಗಡಿನ ಡಬ್ಬಿಯೊಳಗೆ ಕೂರಿಸಿದೆ. ಅರ್ಧ ಗಂಟೆ ಇಂಜಿನ್ ಓಡಿಸಿ, ಆಕ್ಸಿಲರೇಟರ್ ಒತ್ತಿ, ಬಿಟ್ಟು, ಮತ್ತೆ ಒತ್ತಿ, ಮೀಟರು ನೋಡಿದೆ. ಹನ್ನೆರಡು ಎಂದರೆ ಹನ್ನೆರಡು. ಡೈನಮೋದ ರೆಗ್ಯುಲೇಟರನ್ನೂ ಬಿಚ್ಚಿ ನೋಡಿದೆ, ತಪ್ಪಿಲ್ಲ.

ಐದು ದಿನಕ್ಕೆ ಐಸಿಯೂ ಸತ್ತು ಪಟ್ಟಿಯನ್ನೂ ಕೊಂದಿತ್ತು. ಆ ಐದು ದಿನದಲ್ಲಿ ಒಂದು ಮಧ್ಯಾಹ್ನ, ದೀಪ ಹತ್ತದೆ ಅವರು ನಿಲ್ಲಿಸದೆ, ಇಬ್ಬರು ಹೆಂಗಸರು ಓಡುವ ಜೀಪಿನಿಂದ ಹಾರಲು ನೋಡಿದ್ದರಂತೆ. ಬೇರೆಯವರು ಎಳೆದು ಕೂರಿಸಿದ್ದರು. ಇದನ್ನು ಡ್ರೈವರಣ್ಣನೇ ಬಂದು ಹೇಳಿದರು. “ನಿನ್ ಲೈಟ್ ನಂಬ್ಕೊಂಡು ಕನ್ನಡಿ ನೋಡೋದನ್ನೂ ಬಿಟ್ಟಿದ್ದೆ ಮಾರಾಯ” ಎಂದರು. ಅಂಗಡಿಯ ಮುಂದೆ ಆರು ಗಾಡಿ ನಿಂತಿದ್ದವು, ಸೊಂಟ ಸೀಳುತ್ತಿತ್ತು. ಅಂಗಡಿಗೆ ಬಾಗಿಲು ಹಾಕಿ ಮಲಗಿಬಿಡೋಣ ಎನ್ನಿಸಿತು.

ಅಂಗಡಿಯಲ್ಲಿ ನಿಂತ ಜೀಪಿನಲ್ಲಿ ತಪ್ಪು ಸಿಗುತ್ತಿಲ್ಲ ಎಂದರೆ ಓಡುವ ಜೀಪಿನಲ್ಲೇ ಹುಡುಕಬೇಕು. ಹೊಸ ಐಸಿ, ಹೊಸ ತುಂಡು ಹಾಕಿ ಸಂಜೆ ಕಳಿಸಿದೆ. ಮರುದಿನ ಮೊದಲ ಬಸ್ಸಿಗೆ ಸಂಸೆಗೆ ಹೋಗಿ, ಅಲ್ಲಿಂದ ಅವರ ಮನೆಗೆ ನಡೆದೆ. ಜೀಪು ಮನೆಯ ಮೇಲಿನ ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಂತಿತ್ತು. ಇವರು ಸೆಲ್ಫ್ ಹೊಡೆಯುವವರಲ್ಲ, ಉರುಳಿಸಿ ಸ್ಟಾರ್ಟ್ ಮಾಡುವವರು. ಅದು ನನಗೆ ಗೊತ್ತಿತ್ತು, ನಮ್ಮಲ್ಲಿ ಅರ್ಧಕ್ಕರ್ಧ ಜೀಪು ಹಾಗೆಯೇ. ಅವರ ಹೆಂಡತಿ ನನಗೆ ಕಾಫಿ ಕೊಟ್ಟರು.

ಕಾಫಿ ಲೋಟ ಕೈಯಲ್ಲಿ ಹಿಡಿದಿದ್ದೇನೆ, ಡ್ರೈವರಣ್ಣ ಒಳಗಿನಿಂದ ಜೀಪಿನ ಬ್ಯಾಟರಿಯನ್ನು ಎದೆಗವಚಿಕೊಂಡು ಹೊರಗೆ ಬಂದರು.

“ಅದು ಎಂತದು?” ಎಂದೆ.

“ಬ್ಯಾಟ್ರಿ.”

“ಬ್ಯಾಟ್ರಿ ಅಂತ ಕಾಣ್ತದೆ. ಮನೆಯೊಳಗೆ ಎಂತ ಮಾಡ್ತಿತ್ತು?”

ಉತ್ತರ ಅವರ ಹೆಂಡತಿಯಿಂದ ಬಂತು. “ಸಂಜೆ ಕರೆಂಟ್ ಎಲ್ಲಿ ಇರ್ತದೆ? ಧಾರಾವಾಹಿ ಹೊತ್ತಿಗೇ ಸರಿಯಾಗಿ ತೆಗೀತಾರೆ. ಇವ್ರು ಬ್ಯಾಟ್ರಿ ತಂದು ಟಿವಿಗೆ ಹಾಕ್ತಾರೆ. ಸುತ್ತಮುತ್ತಲ ಹೆಂಗಸ್ರೆಲ್ಲ ಇಲ್ಲಿಗೇ ಬರ್ತಾರೆ.”

ಒಳಗೆ ಇಣುಕಿದೆ. ಹನ್ನೆರಡು ವೋಲ್ಟಿಗೂ ನಡೆಯುವ ಹಳೆಯ ಕಪ್ಪು ಬಿಳುಪು ಟಿವಿ. ಅದರ ಹಿಂದಿನಿಂದ ಬಂದ ಜೋಡಿ ವೈರಿನ ತುದಿಗೆ ಕೆಂಪು ಕಪ್ಪು ಕ್ಲಿಪ್ಪು. ಕ್ಲಿಪ್ಪಿನ ಬುಡಕ್ಕೆ ಹಳದಿ ಟೇಪು ಸುತ್ತಿದ ರೀತಿ ನೋಡಿ ನನ್ನ ಬಾಯಿ ಮುಚ್ಚಿತು. ಹಳದಿ ಟೇಪು ಸುತ್ತುವುದು ನಾನೊಬ್ಬನೇ. ಎರಡು ವರ್ಷದ ಹಿಂದೆ ಆ ವೈರು ಮಾಡಿಕೊಟ್ಟವನು ನಾನೇ. ಇವರಿಗೆ ಮಾತ್ರವಲ್ಲ, ಸಂಸೆ, ಬಾಳೂರು ಕಡೆಯ ಎಷ್ಟೋ ಮನೆಗಳಿಗೆ ಮಾಡಿಕೊಟ್ಟಿದ್ದೆ. ಕ್ರಿಕೆಟ್ ಇದ್ದ ದಿನ ನಾನೇ ಗಿರಾಕಿಯ ಪಿಕಪ್ಪಿನ ಬ್ಯಾಟರಿಯನ್ನು ಮನೆಗೆ ಒಯ್ದದ್ದೂ ಉಂಟು.

ಅವರು ಬ್ಯಾಟರಿಯನ್ನು ಜೀಪಿಗೆ ಕೂರಿಸಿದರು. ಎರಡು ಟರ್ಮಿನಲ್ಲುಗಳ ಕ್ಲ್ಯಾಂಪಿಗೂ ಸ್ಪ್ಯಾನರು ಮುಟ್ಟಿಸಲಿಲ್ಲ. ಸಿಗರೇಟ್ ಪ್ಯಾಕಿನ ಬೇಗಡೆ ಮಡಚಿ ನಡುವೆ ತೂರಿಸಿ, ಮೇಲಿನಿಂದ ಒಂದು ಕಲ್ಲಿನಲ್ಲಿ ಎರಡು ಸಲ ಕುಟ್ಟಿದರು. ಕಲ್ಲು ಅದಕ್ಕೆಂದೇ ಜೀಪಿನೊಳಗೆ ಇತ್ತು.

“ದಿನಾ ಹೀಗೇನಾ?”

“ಮತ್ತೆ? ದಿನಾ ಸ್ಪ್ಯಾನರ್ ಹಾಕ್ತಾ ಕೂತ್ರೆ ಟ್ರಿಪ್ ಹೊಡೆಯೋದು ಯಾವಾಗ?”

ಜೀಪು ಉರುಳಿತು, ಇಂಜಿನ್ ಹಿಡಿಯಿತು. ಮುಂದೆ ಅವರ ಪಕ್ಕ ಕೂತೆ. ಹಳೆಯ ಜೀಪುಗಳಲ್ಲಿ ಕರೆಂಟು ಎಷ್ಟು ಹೋಗುತ್ತಿದೆ, ಎಷ್ಟು ಬರುತ್ತಿದೆ ಎಂದು ತೋರಿಸುವ ಮುಳ್ಳೊಂದು ಇರುತ್ತದೆ. ಟಿವಿಗೆ ಹೀರಿಸಿಕೊಂಡು ಬಂದ ಬ್ಯಾಟರಿ ಹಸಿದಿತ್ತು, ಡೈನಮೋ ಬಲವೆಲ್ಲ ಹಾಕಿ ಅದಕ್ಕೆ ಉಣಿಸುತ್ತಿತ್ತು. ಮುಳ್ಳು ಚಾರ್ಜಿನ ಕಡೆಗೆ ವಾಲಿ ನಿಂತಿತ್ತು. ದಾರಿಯಲ್ಲಿ ಜನ ಹತ್ತಿದರು, ಎಲೆಯ ಬುಟ್ಟಿಯ ಅಜ್ಜಿಯೂ ಹತ್ತಿದಳು. ಯಾರೋ ಒಬ್ಬರು ಸ್ವಿಚ್ಚು ಒತ್ತಿದರು, ನೀಲಿ ದೀಪ ಹತ್ತಿತು, ಜೀಪು ನಿಂತಿತು. ಡ್ರೈವರಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಮೋರಿ ಕುಸಿದ ಜಾಗದಲ್ಲಿ ಜೀಪು ಎತ್ತಿ ಹಾಕಿತು. ಮುಳ್ಳು ಸೊನ್ನೆಗೆ ಬಿತ್ತು, ಮತ್ತೆ ಎದ್ದಿತು, ಮತ್ತೆ ಬಿತ್ತು. ತಗಡಿನ ಡಬ್ಬಿಯೊಳಗಿನಿಂದ ಸುಟ್ಟ ವಾಸನೆ ಬಂತು.

ಬ್ಯಾಟರಿ ಎಂದರೆ ಕರೆಂಟು ಕೊಡುವ ಡಬ್ಬಿ ಮಾತ್ರವಲ್ಲ. ಡೈನಮೋ ಕೊಟ್ಟದ್ದನ್ನು ಕುಡಿದುಕೊಳ್ಳುವ ತೊಟ್ಟಿಯೂ ಅದೇ. ಡೈನಮೋ ಜೋರಾಗಿ ಸುರಿಯುತ್ತಿರುವಾಗ ಆ ತೊಟ್ಟಿಯನ್ನು ಒಮ್ಮೆಲೇ ಎಳೆದುಬಿಟ್ಟರೆ, ಸುರಿದದ್ದೆಲ್ಲ ಗಾಡಿಯ ಉಳಿದ ವೈರುಗಳ ಮೇಲೆ ನುಗ್ಗುತ್ತದೆ. ಹದಿನಾಲ್ಕಿದ್ದ ವೋಲ್ಟು ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಪಟ್ಟು ಏರಿ ಇಳಿಯುತ್ತದೆ. ನನ್ನ ಮೀಟರಿನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇಂಜಿನ್ ಮಾತ್ರ ನಿಲ್ಲುವುದಿಲ್ಲ, ಡೀಸೆಲ್ ಇಂಜಿನ್ನಿಗೆ ಬ್ಯಾಟರಿ ಇದ್ದರೂ ಒಂದೇ, ಹೋದರೂ ಒಂದೇ. ಎರಡು ಟೇಪ್ ರೆಕಾರ್ಡರ್ ಸುಟ್ಟದ್ದು, ತಿಂಗಳಿಗೊಂದು ಟೇಲ್ ಲೈಟ್ ಬಲ್ಬು ಹೋಗುತ್ತಿದ್ದದ್ದು ಇದಕ್ಕೇ. ಆ ಬಲ್ಬುಗಳನ್ನೆಲ್ಲ ಬದಲಿಸಿದವನು ನಾನು. ಯಾಕೆ ಹೋಗುತ್ತಿವೆ ಎಂದು ಒಂದು ದಿನ ಕೇಳಿರಲಿಲ್ಲ.

“ಬ್ಯಾಟ್ರಿ ಬಿಚ್ಚಿ ಮನೆಗೆ ಒಯ್ತೀನಿ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಅಣ್ಣ?” ಎಂದು ಅವರ ಮುಖದ ಹತ್ತಿರ ಹೋಗಿ ಕೂಗಿದೆ.

“ಅದ್ರಲ್ಲಿ ಹೇಳೋದು ಎಂತ ಉಂಟು? ಎಲ್ರೂ ಒಯ್ತಾರೆ!”

ಅಷ್ಟರಲ್ಲಿ ಹಿಂದೆ ತಗಡು ಬಡಿಯುವುದು ನನಗೆ ಕೇಳಿಸಿತು. ಅಜ್ಜಿ ಸ್ವಿಚ್ಚು ಒತ್ತಿ ಒತ್ತಿ ಸಾಕಾಗಿ ಬಡಿಯುತ್ತಿದ್ದಳು. ಅವರು ಸ್ಟೇರಿಂಗಿನ ಎದುರಿನ ಪಟ್ಟಿ ನೋಡಿದರು. ಅದು ಕಪ್ಪಗಿತ್ತು. ಯಾರೂ ಇಳಿಯುವವರಿಲ್ಲ ಎಂದುಕೊಂಡು ಗೇರ್ ಬದಲಿಸಿದರು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಅವರ ತೋಳು ಹಿಡಿದು, “ನಿಲ್ಸಿ, ವೈರ್ ನೋಡ್ಬೇಕು” ಎಂದು ಸುಳ್ಳು ಹೇಳಿದೆ. ಜೀಪು ನಿಂತಿತು. ಅಜ್ಜಿ ಬುಟ್ಟಿ ಇಳಿಸಿಕೊಂಡು ಹಿಂದಿನಿಂದಲೇ ಶುರು ಮಾಡಿದಳು.

“ದೊಡ್ಡ ಎಸ್ಟೇಟ್ ಧಣಿ ಇವ್ನು! ಬಡಿದ್ರೂ ಇಲ್ಲ, ಒತ್ತಿದ್ರೂ ಇಲ್ಲ. ನಾಳೆಯಿಂದ ನಿನ್ ಜೀಪಿಗೆ ಕಾಲಿಡಲ್ಲ, ತಿಳ್ಕೋ.”

ಅವರು ನೇರ ರಸ್ತೆ ನೋಡುತ್ತ ಕೂತಿದ್ದರು. ಅವಳ ಬಾಯಿಂದ ಬಂದದ್ದು ಅವರಿಗೆ ತಲುಪಲೇ ಇಲ್ಲ. ಆ ಸುಮ್ಮನಿರುವಿಕೆಯನ್ನು ಹಿಂದೆ ಕೂತವರೆಲ್ಲ ಸೊಕ್ಕೆಂದೇ ಓದಿಕೊಂಡರು. ನಾನು ಮೊದಲ ದಿನ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ಓದಿಕೊಂಡದ್ದೂ ಅದನ್ನೇ.

ಅಂಗಡಿಗೆ ಬಂದವನು ಜೀಪನ್ನು ಒಳಗೆ ನಿಲ್ಲಿಸಿಕೊಂಡೆ, ಅವತ್ತಿನ ಉಳಿದ ಟ್ರಿಪ್ಪುಗಳಿಗೆ ರಜೆ ಎಂದೆ. ಬ್ಯಾಟರಿಗೆ ಹೊಸ ಕ್ಲ್ಯಾಂಪು ಹಾಕಿ, ಕೈಯಲ್ಲಿ ಯಾರೂ ಬಿಚ್ಚಲಾಗದ ಹಾಗೆ ಜೋಡಿ ನಟ್ಟು ಬಿಗಿದೆ. ಟಿವಿಗೆ ಬೇರೆ ದಾರಿ ಮಾಡಬೇಕಿತ್ತು. ಧಾರಾವಾಹಿ ಬಿಡಿ ಎಂದು ಅವರ ಹೆಂಡತಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳಿದರೂ ನಡೆಯುವ ಮಾತಲ್ಲ. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಬ್ಯಾಟರಿಗೆ ಇಂಜಿನ್ ತಿರುಗಿಸುವ ಶಕ್ತಿ ಇರಲಿಲ್ಲ, ಟಿವಿಗೆ ಸಾಕಿತ್ತು. ಅದನ್ನು ಕೊಟ್ಟೆ. ದಿನಾ ಬೆಳಿಗ್ಗೆ ಅವರು ಅದನ್ನು ನನ್ನ ಅಂಗಡಿಯಲ್ಲಿ ಚಾರ್ಜಿಗೆ ಇಟ್ಟು, ಸಂಜೆ ಒಯ್ಯುವುದು ಎಂದಾಯಿತು. ಮತ್ತೆ ಹೊಸ ಐಸಿ, ಹೊಸ ತುಂಡು ಹಾಕಿ, ಐಸಿಯ ಮುಂದೆ ಒಂದು ದಪ್ಪ ಝೀನರ್ ಡಯೋಡನ್ನೂ ಕೂರಿಸಿದೆ. ವೋಲ್ಟು ಏರಿ ಬಂದರೆ ಅದನ್ನು ತನ್ನ ಮೈಮೇಲೆ ಎಳೆದುಕೊಂಡು ಫ್ಯೂಸು ಹಾರಿಸುವಂಥದ್ದು.

ಇಷ್ಟು ಮಾಡಿ ಮುಗಿಸಿದಾಗ ಮಧ್ಯಾಹ್ನ. ಆದರೂ ಸಮಾಧಾನವಾಗಲಿಲ್ಲ. ಬೀಡಿ ಹಚ್ಚಿ ಆ ಕಪ್ಪು ಪಟ್ಟಿಯನ್ನೇ ನೋಡುತ್ತ ಕೂತೆ. ಯಾವ ದೀಪವಾದರೂ ಒಂದಲ್ಲ ಒಂದು ದಿನ ಹೋಗಿಯೇ ಹೋಗುತ್ತದೆ. ಈ ಕೆಲಸದಲ್ಲಿ ನಾನು ಖಂಡಿತವಾಗಿ ಬಲ್ಲ ಮಾತು ಅದೊಂದೇ. ಇವರಿಗೆ ಹೋದದ್ದು ಗೊತ್ತಾಗುವುದು ಹೇಗೆ? ಸತ್ತ ದೀಪವೂ ಕಪ್ಪು, ಯಾರೂ ಒತ್ತದ ದೀಪವೂ ಕಪ್ಪು. ಬೆಳಿಗ್ಗೆ ಅಜ್ಜಿ ಬಡಿಯುವಾಗ ಅವರು ನೋಡಿದ್ದು ಆ ಕಪ್ಪನ್ನೇ. ತಪ್ಪು ವೋಲ್ಟಿನದಷ್ಟೇ ಅಲ್ಲ. ಮೊದಲ ದಿನ ಅವರು ಹೇಳಿದ ಹಾಗೆಯೇ ನಾನು ವೈರಿಂಗ್ ಮಾಡಿದ್ದೇ ತಪ್ಪು.

ಎದ್ದು ಫ್ರಿಜ್ ರಿಪೇರಿಯವನ ಅಂಗಡಿಗೆ ಹೋದೆ. ಫ್ರಿಜ್ಜಿನ ಬಾಗಿಲಿಗೆ ಇರುವ ಸ್ವಿಚ್ಚು ಕೇಳಿದೆ. ಬಾಗಿಲು ಅದನ್ನು ಒತ್ತಿದಾಗ ಒಳಗಿನ ದೀಪ ಆರುತ್ತದೆ, ಬಿಟ್ಟಾಗ ಹತ್ತುತ್ತದೆ. ಕಾಲಿಂಗ್ ಬೆಲ್ಲಿನದನ್ನು ಕಿತ್ತು ಆ ಜಾಗದಲ್ಲಿ ಇದನ್ನು ಕೂರಿಸಿದೆ.

ಅವರು ಕೀಲಿ ತಿರುಗಿಸಿದರು. ನೀಲಿ ದೀಪ ತಾನಾಗಿ ಹತ್ತಿತು.

“ಇದೆಂತ ಮಾರಾಯ, ಒತ್ತದೆ ಹತ್ತಿತಲ್ಲ?”

“ಇನ್ಮೇಲೆ ಹತ್ಕೊಂಡೇ ಇರ್ತದೆ. ಹಿಂದೆ ಯಾರಾದ್ರೂ ಒತ್ತಿದ್ರೆ ಆರ್ತದೆ. ಫ್ಯೂಸ್ ಹೋದ್ರೂ ಆರ್ತದೆ, ಪಟ್ಟಿ ಹೋದ್ರೂ ಆರ್ತದೆ. ಆರಿದ್ರೆ ನಿಲ್ಸಿ. ಯಾಕೆ ಏನು ಅಂತ ಯೋಚ್ನೆ ಬೇಡ. ನಿಲ್ಸಿ ಇಳಿದು ಹಿಂದೆ ಹೋಗಿ ಕೇಳಿ.”

ಅವರು ದೀಪದ ಪಟ್ಟಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. “ಯಾರೂ ಒತ್ತದೆ ಆರಿದ್ರೆ? ಜನಕ್ಕೆ ಎಂತ ಹೇಳೋದು?”

“ಅದನ್ನ ಆಗ ನೋಡ್ಕೊಳ್ಳಿ” ಎಂದೆ.

ಮೂರು ವಾರ ಏನೂ ಆಗಲಿಲ್ಲ. ದಿನಾ ಬೆಳಿಗ್ಗೆ ಹಳೆಯ ಬ್ಯಾಟರಿ ಬರುತ್ತಿತ್ತು, ಸಂಜೆ ಹೋಗುತ್ತಿತ್ತು. ಟೇಲ್ ಲೈಟು ಒಂದೂ ಹೋಗಲಿಲ್ಲ. ಅಜ್ಜಿ ಶಪಥ ಮಾಡಿದಂತೆ ನಾಲ್ಕು ದಿನ ಬಿಟ್ಟು, ಐದನೆಯ ದಿನ ಬೇರೆ ಜೀಪು ಸಿಗದೆ ಹತ್ತಿದಳಂತೆ. ಒತ್ತಿದ ಕೂಡಲೇ ನಿಂತದ್ದಕ್ಕೆ, “ಈಗ ಬುದ್ಧಿ ಬಂತು” ಎಂದಳಂತೆ. ಇದನ್ನು ಅವರಿಗೆ ಬೇರೆ ಯಾರೋ ಕಿವಿಯ ಹತ್ತಿರ ಬಂದು ಹೇಳಿ ನಕ್ಕಿದ್ದರು.

ಆಮೇಲೆ ಒಂದು ಮಧ್ಯಾಹ್ನ ಸಂಸೆಯಲ್ಲಿ ಒಂದು ಪಂಪಿನ ಸ್ಟಾರ್ಟರ್ ನೋಡಿ ಅವರ ಜೀಪಿನಲ್ಲೇ ಕಳಸಕ್ಕೆ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಯಾರದೋ ಗೊಬ್ಬರದ ಚೀಲ, ನಾನು ಹಿಂದೆ. ಎದುರಿಗೆ ಬುಟ್ಟಿ ಅಪ್ಪಿಕೊಂಡ ಅಜ್ಜಿ, ಒಟ್ಟು ಎಂಟೋ ಒಂಬತ್ತೋ ಜನ. ಕಾಫಿ ಹೂವು ಅರಳಿಸುವ ಮಳೆ ಬಿದ್ದು ನಾಲ್ಕು ದಿನವಾಗಿತ್ತು; ಕೊಯ್ಲು ಕೊನೆಯ ಹಂತದಲ್ಲಿತ್ತು, ಚಿಕ್ಕಮಗಳೂರಿನ ಡಾಕ್ಟರ ಮಾತು ಇನ್ನೂ ಬಾಕಿ ಇತ್ತು. ಮನೆಯೂ ಇಲ್ಲದ, ದಾರಿಯೂ ಒಡೆಯದ ಜಾಗದಲ್ಲಿ ಜೀಪು ಬದಿಗೆ ಸರಿದು ನಿಂತಿತು. ಅವರು ಇಳಿದು ಹಿಂದಿನ ಬಾಗಿಲಿಗೆ ಬಂದರು.

“ಯಾರು ಇಳಿಯೋರು?”

ಯಾರೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಯಾರೂ ಒತ್ತಿಲ್ಲ ಮಾರಾಯ, ಹೋಗು” ಎಂದಳು ಅಜ್ಜಿ. ಅವರು ಅವಳ ಬಾಯಿಯ ಚಲನೆಯನ್ನೇ ನೋಡುತ್ತಿದ್ದರು. ಹೋಗಿ ಕೂತರು, ಜೀಪು ಹತ್ತು ಮಾರು ಹೋಯಿತು, ಮತ್ತೆ ನಿಂತಿತು. ಮತ್ತೆ ಇಳಿದು ಬಂದರು. ನನಗೆ ಅರ್ಥವಾಗಿತ್ತು. ಮುಂದೆ ದೀಪ ಆರಿದೆ. ಆರಿದರೆ ನಿಲ್ಲಿಸಿ ಎಂದು ಹೇಳಿದವನು ನಾನು. ಅವರು ಅಕ್ಷರಶಃ ಪಾಲಿಸುತ್ತಿದ್ದಾರೆ.

“ಎಂತ ಆಟ ಇದು?” ಎಂದು ಒಬ್ಬರು ರೇಗಿದರು. ನಾನು ಎದ್ದೆ. ಏನೋ ಒಂದು ಸುಳ್ಳು ಬಾಯಿಗೆ ಬಂದಿತ್ತು, ಹೇಳಿಯೂಬಿಡುತ್ತಿದ್ದೆ. ಅವರು ಕೈ ಅಡ್ಡ ಹಿಡಿದು ನನ್ನನ್ನು ಕೂರಿಸಿದರು. ಬಾಗಿಲಿನ ಸರಳು ಹಿಡಿದು ಎಲ್ಲರ ಕಡೆ ತಿರುಗಿದರು.

“ನಂಗೆ ಕಿವಿ ಕೇಳ್ಸಲ್ಲ” ಎಂದರು. “ಎರಡು ವರ್ಷ ಆಯ್ತು. ನೀವು ಬಡಿಯೋದು ಕೇಳ್ಸಲ್ಲ, ಹಿಂದಿಂದ ಕೂಗೋದು ಕೇಳ್ಸಲ್ಲ. ಅದಕ್ಕೆ ಈ ಲೈಟ್ ಹಾಕ್ಸಿದ್ದು. ಈಗ ಲೈಟ್ ಆರಿದೆ. ಲೈಟ್ ಇಲ್ದೆ ನಂಗೆ ಓಡ್ಸೋಕೆ ಧೈರ್ಯ ಇಲ್ಲ. ಬೇಕಾದವ್ರು ಇಳೀಬಹುದು.”

ಅಜ್ಜಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಮುಂದಕ್ಕೆ ಬಾಗಿದಳು. ಅವರಿಗೆ ಕಾಣುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಕೇಳಿದಳು.

“ಹಾಗಾದ್ರೆ, ನಾನು ಇಷ್ಟು ದಿನ ಬೈದಿದ್ದು?”

“ಒಂದೂ ಕೇಳ್ಸಿಲ್ಲ ಅಜ್ಜಿ.”

“ಒಂದೂ?”

“ಒಂದೂ ಇಲ್ಲ.”

“ಅಯ್ಯೋ ದೇವ್ರೇ” ಎಂದು ಹಣೆ ಬಡಿದುಕೊಂಡಳು. “ಎರಡು ವರ್ಷದ ಬೈಗಳು! ಒಳ್ಳೊಳ್ಳೆದು ಬೈದಿದ್ನಲ್ಲೋ!”

ಮೊದಲು ನಕ್ಕದ್ದು ರೇಗಿದ ಮನುಷ್ಯನೇ. ಆಮೇಲೆ ಎಲ್ಲರೂ ನಕ್ಕರು. ಡ್ರೈವರಣ್ಣನೂ ನಕ್ಕರು. ನಗುತ್ತಲೇ ಅವರ ಕಣ್ಣಲ್ಲಿ ನೀರು ಬಂತು, ಅದನ್ನು ಅವರು ಮುಚ್ಚಿಡಲಿಲ್ಲ.

ನಾನು ಮುಂದೆ ಹೋಗಿ ಡ್ಯಾಶ್‌ಬೋರ್ಡಿನ ಕೆಳಗೆ ತೂರಿದೆ. ಫ್ಯೂಸು ಸರಿ ಇತ್ತು, ಝೀನರ್ ಸರಿ ಇತ್ತು, ಐಸಿ ಸರಿ ಇತ್ತು. ಹೋಗಿದ್ದದ್ದು ಅರ್ಥಿನ ವೈರು. ಮೊದಲ ದಿನ, ಶೋಕಿ ಲೈಟಿಗೆ ಇಷ್ಟು ಸಾಕು ಎಂದುಕೊಂಡು, ತಗಡಿನ ಪೇಂಟನ್ನು ಕೆರೆಯದೆ ಅದರ ಮೇಲೆಯೇ ಸ್ಕ್ರೂ ಹಾಕಿದ್ದೆ. ಪೇಂಟು ಕರೆಂಟನ್ನು ಬಿಡುವುದಿಲ್ಲ; ಇಷ್ಟು ದಿನ ಸ್ಕ್ರೂವಿನ ಹಲ್ಲಷ್ಟೇ ತಗಡನ್ನು ಕಚ್ಚಿತ್ತು, ಕುಲುಕಾಟಕ್ಕೆ ಅದೂ ಸಡಿಲವಾಗಿತ್ತು. ಕಲಿಯಲು ಬಂದವರಿಗೆ ನಾನು ಮೊದಲು ಹೇಳಿಕೊಡುವ ಪಾಠವೇ ಪೇಂಟು ಕೆರೆಯಿರಿ ಎಂಬುದು. ಪಟ್ಟಿ, ಐಸಿ, ಬ್ಯಾಟರಿ ಎಲ್ಲವನ್ನೂ ಬದಲಿಸಿದ್ದೆ, ಆ ಒಂದು ಸ್ಕ್ರೂವನ್ನು ಮುಟ್ಟಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಪೇಂಟು ಕೆರೆದು, ತಗಡು ಹೊಳೆಯುವಂತೆ ಮಾಡಿ, ಮತ್ತೆ ಬಿಗಿದೆ. ಎರಡು ನಿಮಿಷದ ಕೆಲಸ. ನೀಲಿ ದೀಪ ಹತ್ತಿತು.

ಕೈ ಕೊಡಿ ಎಂದು ಹೊರಗೆ ನೋಡಿದರೆ ಯಾರೂ ದೀಪದ ಕಡೆ ನೋಡುತ್ತಿರಲಿಲ್ಲ. ಗೊಬ್ಬರದ ಚೀಲವನ್ನು ಹಿಂದಕ್ಕೆ ಎಳೆದು ಹಾಕುತ್ತಿದ್ದರು. ಖಾಲಿಯಾದ ಮುಂದಿನ ಸೀಟಿಗೆ ಅಜ್ಜಿ ಹತ್ತಿ ಕೂತಳು. ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಇನ್ನೊಂದು ಕೈಯನ್ನು ಡ್ರೈವರಣ್ಣನ ಎಡ ಹೆಗಲ ಮೇಲಿಟ್ಟಳು.

“ಹಾರ್ನ್ ಕೇಳಿದ್ರೆ ಒಂದು ಸಲ ಮುಟ್ತೀನಿ” ಎಂದು ಅವರ ಮುಖಕ್ಕೆ ಹೇಳಿದಳು. “ಇಳಿಯೋರಿದ್ರೆ ಎರಡು ಸಲ. ಹೋಗು ಮಾರಾಯ, ಎಲೆ ಬಾಡ್ತದೆ.”